ಸಂಡೂರಿನಲ್ಲಿ ಕೂತು ಬಾಬ್ ಡಿಲನ್ ಕೇಳಿದವರು ಯಾರ್ಯಾರಿದ್ದೀರಿ?

ಸಂಡೂರು ಘಾಟಿ | ಶನಿವಾರ ರಾತ್ರಿ 10.20

ನಮ್ಮದು ಸಂಡೂರು. ಮೊಬೈಲ್ ರಿಪೇರಿ ಅಂಗಡಿ ನಡೆಸ್ತೀನಿ. ಹೋದ ತಿಂಗಳು ಗಿರಾಕಿಯೊಬ್ಬರ ಫೋನಿಗೆ ಹೊಸ ಸ್ಪೀಕರ್ ಕೂಡಿಸಿ, ದನಿ ಒಡೀತದೋ ಇಲ್ಲವೋ ನೋಡೋಣ ಅಂತ ಅವರ ಫೋನಲ್ಲೇ ಇದ್ದ ಒಂದು ಹಾಡು ಹಚ್ಚಿದೆ. ಒಂದು ಗಿಟಾರು, ಒಂದು ಒರಟು ದನಿ, ಬೇರೆ ಏನೂ ಇಲ್ಲ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ. ಆದರೂ ಶುರುವಿನಲ್ಲೇ ಕೆಂಪು ಕಬ್ಬಿಣದ ಗಣಿಯ ಮಾತು ಬಂದದ್ದು ತಿಳೀತು. ಸ್ಕ್ರೂಡ್ರೈವರ್ ಕೆಳಗಿಟ್ಟು ಪೂರ್ತಿ ಕೇಳಿದೆ. ಅಂಗಡಿ ಮುಚ್ಚಿದ ಮೇಲೆ ಸಾಹಿತ್ಯ ಹುಡುಕಿ, ಒಂದೊಂದೇ ಪದ ಬಿಡಿಸಿಕೊಂಡು ಓದಿದೆ.

ಹಾಡಿನ ಹೆಸರು ‘ನಾರ್ತ್ ಕಂಟ್ರಿ ಬ್ಲೂಸ್’. ಬಾಬ್ ಡಿಲನ್ 1964ರಲ್ಲಿ ತಂದ ‘ದ ಟೈಮ್ಸ್ ದೇ ಆರ್ ಅ-ಚೇಂಜಿನ್’ ಆಲ್ಬಮ್ಮಿನದು. ಗಣಿ ಊರಿನ ಹೆಣ್ಣುಮಗಳೊಬ್ಬಳು ತನ್ನ ಕಥೆ ಹೇಳ್ತಾಳೆ. ಗಣಿಗೆ ಹೋದ ಅಪ್ಪ ಬರಲಿಲ್ಲ, ಸಾಕಿದ ಅಣ್ಣನೂ ಬರಲಿಲ್ಲ. ಸಾಲಿ ಬಿಟ್ಟು ಗಣಿ ಕೆಲಸದವನನ್ನೇ ಮದುವೆಯಾದಳು. ಕೆಲಸ ಅರ್ಧ ಪಾಳಿಗೆ ಇಳೀತು. ಒಂದು ದಿನ ಯಾರೋ ಬಂದು ಇನ್ನೊಂದು ವಾರಕ್ಕೆ ಗಣಿ ಮುಚ್ಚತದೆ ಅಂದರು. ದಕ್ಷಿಣ ಅಮೆರಿಕದಲ್ಲಿ ಕೂಲಿ ಅಗ್ಗ, ಅಲ್ಲಿಯ ಅದಿರು ಅಗ್ಗ, ನಿಮ್ಮದನ್ನು ಅಗೆದರೆ ಗಿಟ್ಟೋದಿಲ್ಲ. ಗಂಡ ಕುಡಿತಕ್ಕೆ ಬಿದ್ದ. ಒಂದು ಬೆಳಗ್ಗೆ ಎದ್ದು ನೋಡಿದರೆ ಮಗ್ಗುಲಲ್ಲಿ ಇಲ್ಲ. ಮೂರು ಮಕ್ಕಳು. ಊರಿನ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕ್ತಿವೆ. ಪಲ್ಲವಿ ಅಂತ ಏನೂ ಇಲ್ಲ, ನುಡಿ ಮೇಲೆ ನುಡಿ ಬರ್ತಾನೇ ಇರ್ತದೆ.

ಹಾಡೋದು ಗಂಡಸಿನ ದನಿ. ಮದುವೆಯ ಮಾತು ಬರೋವರೆಗೂ ಕಥೆ ಹೇಳ್ತಿರೋಳು ಹೆಂಗಸು ಅಂತ ಗೊತ್ತಾಗೋದೇ ಇಲ್ಲ. ಅಲ್ಲಿಗೆ ಬಂದಾಗ ಮೈ ಜುಮ್ಮಂತು.

ಡಿಲನ್ ಹುಟ್ಟಿದ್ದು 1941ರಲ್ಲಿ, ಬೆಳೆದದ್ದು ಅಮೆರಿಕದ ಮಿನ್ನೆಸೋಟ ರಾಜ್ಯದ ಹಿಬ್ಬಿಂಗ್ ಅನ್ನೋ ಊರಲ್ಲಿ. ಅಪ್ಪಟ ಕಬ್ಬಿಣದ ಅದಿರಿನ ಊರದು. ಊರಿನ ಕೆಳಗೇ ಅದಿರು ಇದೆ ಅಂತ 1919ರಿಂದ ಊರನ್ನೇ ಎತ್ತಿ ಬೇರೆ ಕಡೆ ಇಟ್ಟರಂತೆ, ಕಟ್ಟಡಗಳನ್ನು ಮರದ ದಿಮ್ಮಿಗಳ ಮೇಲೆ ಉರುಳಿಸಿಕೊಂಡು. ಅದನ್ನು ಓದಿದ ರಾತ್ರಿ ನಿದ್ದೆ ಹತ್ತಲಿಲ್ಲ.

ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಇವರ ಹಾಡು ಕೇಳೋರು ಇದ್ದರೆ ಮಾತಾಡಿ. ಯಾರ್ಯಾರ ಜೊತೆ ಕೂಡಿ ಹಾಡಿದ್ದಾರೆ, ನಾನು ಎಲ್ಲಿಂದ ಕೇಳ್ತಾ ಹೋಗಲಿ?


ಕೊಪ್ಪಳ ಕೀಬೋರ್ಡ್ | ಶನಿವಾರ ರಾತ್ರಿ 10.48

ಅಣ್ಣಾ, ನಾ ಕೊಪ್ಪಳದಾಗ ಆರ್ಕೆಸ್ಟ್ರಾಕ್ಕ ಕೀಬೋರ್ಡ್ ಬಾರಸ್ತೀನಿ. ನೀವು ಗಿಟಾರ್ ಒಂದ ಇರೋ ಡಿಲನ್ ಕೇಳೀರಿ. ಈಗ ‘ಲೈಕ್ ಅ ರೋಲಿಂಗ್ ಸ್ಟೋನ್’ ಕೇಳ್ರಿ. ಅದರೊಳಗಿನ ಆರ್ಗನ್ ಕೇಳಾಕಂತನ ನಾ ಆ ಹಾಡು ನೂರಾರು ಸಲ ಹಚ್ಚೀನಿ.

ಅದು 1965ರ ಜೂನ್ ತಿಂಗಳು, ನ್ಯೂಯಾರ್ಕ್ ಸ್ಟುಡಿಯೋ. ಅಲ್ ಕೂಪರ್ ಅಂತ 21 ವರ್ಷದ ಹುಡುಗ ರೆಕಾರ್ಡಿಂಗ್ ನೋಡಾಕ ಬಂದಿದ್ದ. ಆವಂದು ಗಿಟಾರ್. ಗಿಟಾರ್ ಬಾರಸೋ ಆಸೆ ಇಟ್ಕೊಂಡ ಬಂದಿದ್ದ. ಅಲ್ಲಿ ಮೈಕ್ ಬ್ಲೂಮ್‌ಫೀಲ್ಡ್ ಕೈ ಕೇಳಿದ್ದ ತಡ, ತನ್ನ ಗಿಟಾರ್ ಪೆಟ್ಟಿಗಿಯೊಳಗ ಇಟ್ಟಬಿಟ್ಟ. ಆಮ್ಯಾಲೆ ಆರ್ಗನ್ ಖಾಲಿ ಆತು, ಹೋಗಿ ಕುಂತ. ಆರ್ಗನ್ ಅವಗ ಬರ್ತಿದ್ದಿಲ್ಲ. ಎಲ್ಲಾರೂ ಸ್ವರ ಹಿಡಿದ ಮ್ಯಾಲೆ, ಕಿವಿಗೆ ಬಿದ್ದದ್ದು ನೋಡ್ಕೊಂಡು ಒಂದ ಗಳಿಗಿ ತಡದು ಒತ್ತಾಂವ. ನಿರ್ಮಾಪಕ ಟಾಮ್ ವಿಲ್ಸನ್, ಇಂವ ಆರ್ಗನ್ ಬಾರಸೋನ ಅಲ್ಲ ಅಂದ. ಡಿಲನ್ ಕೇಳಲಿಲ್ಲ, ಆರ್ಗನ್ ಸೌಂಡ್ ಇನ್ನಷ್ಟು ಏರಸ್ರಿ ಅಂದ. ಆ ತಡದು ಒತ್ತಿದ್ದ ಇವತ್ತಿಗೂ ಆ ಹಾಡಿನ ಜೀವ.

ನಮ್ಮ ಊರ ಭಜನಿಯೊಳಗ ಪೇಟಿ ಬಾರಸೋ ಅಜ್ಜಾರ ಹಿಂಗ ಬಾರಸ್ತಿದ್ರು. ಹಾಡೋರು ಎತ್ತಗ ಹೊಳ್ಳತಾರ ಅಂತ ಮೊದಲ ಗೊತ್ತಿರಂಗಿಲ್ಲ. ಅವರ ಮುಖಾ ನೋಡ್ಕೊಂತ ಅರ್ಧ ಹೆಜ್ಜಿ ಹಿಂದ ಬರೋದು. ಸಣ್ಣಾಂವ ಇದ್ದಾಗ ನಾ ಅದು ತಪ್ಪು ಅಂತ ತಿಳ್ಕೊಂಡಿದ್ದೆ. ಕೂಪರ್ ಕೇಳಿದ ಮ್ಯಾಲೆ ಅಜ್ಜಾರ ಪೇಟಿ ನನಗ ತಿಳೀತು.


ಮಾನ್ವಿ ಮಾಸ್ತರ | ರವಿವಾರ ಬೆಳಗ್ಗೆ 6.15

ಸಂಡೂರಿನ ತಮ್ಮ, ನೀವು ಆ ಹಾಡನ್ನು ನುಡಿನುಡಿಯಾಗಿ ಬಿಡಿಸಿಕೊಂಡು ಓದಿದ್ದು ಸಂತೋಷ. ನಾನು ನಿವೃತ್ತ ಕನ್ನಡ ಮಾಸ್ತರ. ಡಿಲನ್ ಹಾಡುಗಳನ್ನು ಮೂವತ್ತು ವರ್ಷಗಳಿಂದ ಕೇಳುತ್ತಿದ್ದೇನೆ. ನಿಮಗೆ ‘ಎ ಹಾರ್ಡ್ ರೇನ್ಸ್ ಅ-ಗಾನಾ ಫಾಲ್’ ಹೇಳುತ್ತೇನೆ, 1962ರ ಹಾಡು.

ತಾಯಿ ಕೇಳುತ್ತಾಳೆ, ಮಗ ಹೇಳುತ್ತಾನೆ. ಎಲ್ಲಿಗೆ ಹೋಗಿದ್ದೆ, ಏನು ಕಂಡೆ, ಏನು ಕೇಳಿಸಿಕೊಂಡೆ, ಯಾರು ಸಿಕ್ಕರು, ಇನ್ನು ಏನು ಮಾಡುತ್ತೀ? ಈ ಕಟ್ಟು ಡಿಲನ್ ಕಂಡುಹಿಡಿದದ್ದಲ್ಲ. ಇಂಗ್ಲೆಂಡ್, ಸ್ಕಾಟ್ಲೆಂಡ್ ಕಡೆಯ ‘ಲಾರ್ಡ್ ರಾಂಡಲ್’ ಎಂಬ ಹಳೆಯ ಕಥನಗೀತೆಯದು. ಅದರಲ್ಲಿ ವಿಷ ಉಂಡು ಬಂದ ಮಗನನ್ನು ತಾಯಿ ಹೀಗೇ ಕೇಳುತ್ತಾಳೆ. ಡಿಲನ್ ಆ ಸಣ್ಣ ಮನೆಯ ಅಂಗಳವನ್ನು ಇಡೀ ಜಗತ್ತಿಗೆ ಹಿಗ್ಗಿಸಿದರು. ಒಂದು ಮನೆಯ ಮಗನ ಸಾವು ಇದ್ದ ಜಾಗದಲ್ಲಿ ಒಂದು ಕಾಲದ ಭಯ ಬಂದು ಕೂತಿತು.

ಹರದೇಶಿ ನಾಗೇಶಿ ಕೇಳಿ ಬೆಳೆದವರಿಗೆ ಇದು ಕೂಡಲೇ ಹಿಡಿಸುತ್ತದೆ. ಸವಾಲಿನಲ್ಲೇ ಅರ್ಧ ಜವಾಬು ಇರುತ್ತದೆ. ಕೇಳುವವಳ ದನಿ ಬದಲಾಗುವುದಿಲ್ಲ, ಹೇಳುವವನ ಮಾತು ಮಾತ್ರ ಉದ್ದವಾಗುತ್ತಾ ಹೋಗುತ್ತದೆ. ಗೀಗೀ ಮೇಳದಲ್ಲಿ ಹಿಮ್ಮೇಳದವರು ದಪ್ಪು, ತುಂತುಣಿ ಹಿಡಿದು ಅದೇ ಸೊಲ್ಲಿಗೆ ಮರಳಿ ಬರುವ ಹಾಗೆ, ಇಲ್ಲಿಯೂ ಪ್ರತಿ ನುಡಿ ಹೋಗಿ ಆ ಬಿರುಮಳೆಯ ಸೊಲ್ಲಿಗೇ ಬೀಳುತ್ತದೆ.


ರಾಯಚೂರು ಪ್ಯಾಸೆಂಜರ್ | ರವಿವಾರ ಬೆಳಗ್ಗೆ 8.02

ಮಾಸ್ತರ, ಒಂದು ಮಾತು ನೇರವಾಗಿ ಕೇಳ್ತೀನಿ. ‘ಬ್ಲೋಯಿನ್ ಇನ್ ದ ವಿಂಡ್’ ಧಾಟಿ ಗುಲಾಮಗಿರಿ ಕಾಲದ ‘ನೋ ಮೋರ್ ಆಕ್ಷನ್ ಬ್ಲಾಕ್’ ಹಾಡಿನದು ಅಂತಾರೆ. ‘ಗರ್ಲ್ ಫ್ರಮ್ ದ ನಾರ್ತ್ ಕಂಟ್ರಿ’ ಹಿಂದೆ ‘ಸ್ಕಾರ್ಬರೋ ಫೇರ್’ ಇದೆ. ‘ಹಾರ್ಡ್ ರೇನ್’ ಬಗ್ಗೆ ನೀವೇ ಹೇಳಿದಿರಿ. ಇಷ್ಟೆಲ್ಲ ಬೇರೆಯವರಿಂದ ತಗೊಂಡವರನ್ನು ಸ್ವಂತ ಪದ ಕಟ್ಟಿದ ಕವಿ ಅಂತ ಕರೀಬೇಕಾ? 2016ರಲ್ಲಿ ನೊಬೆಲ್ ಬಂದಾಗಲೂ ನನಗೆ ಇದೇ ಅನಿಸಿತ್ತು.


ಮಾನ್ವಿ ಮಾಸ್ತರ | ರವಿವಾರ ಬೆಳಗ್ಗೆ 9.30

ಕೇಳಬೇಕಾದ ಪ್ರಶ್ನೆಯೇ. ನಿಮ್ಮ ಮನೆಯಲ್ಲಿ ಹಳೆಯ ಭಜನೆ ಪುಸ್ತಕವೋ ಕಂಪನಿ ನಾಟಕದ ಹಾಡಿನ ಪುಸ್ತಕವೋ ಇದ್ದರೆ ತೆಗೆದು ನೋಡಿ. ಪ್ರತಿ ಪದದ ನೆತ್ತಿಯ ಮೇಲೆ ಸಣ್ಣ ಅಕ್ಷರದಲ್ಲಿ ‘ಧಾಟಿ’ ಅಂತ ಇರುತ್ತದೆ, ಮುಂದೆ ಇನ್ನೊಂದು ಹಾಡಿನ ಹೆಸರು. ಪದ ಒಬ್ಬರದು, ಧಾಟಿ ಊರಿನದು. ಕಡೆಯ ನುಡಿಯಲ್ಲಿ ಅಂಕಿತ ಬರುತ್ತದೆ, ಅಲ್ಲಿ ಕವಿ ತನ್ನ ಗುರುವಿನ ಹೆಸರನ್ನೋ ದೇವರ ಹೆಸರನ್ನೋ ಇಡುತ್ತಾನೆ. ನಮ್ಮ ಮಾನ್ವಿಯ ಜಗನ್ನಾಥದಾಸರ ಪದಗಳನ್ನು ನಾನು ಒಂದೊಂದು ಮನೆಯಲ್ಲಿ ಒಂದೊಂದು ಧಾಟಿಯಲ್ಲಿ ಕೇಳಿದ್ದೇನೆ. ಯಾವ ಮನೆಯವರೂ ಇನ್ನೊಂದು ಮನೆಯವರನ್ನು ಕಳ್ಳರು ಅನ್ನಲಿಲ್ಲ.

ಡಿಲನ್ ಬಂದದ್ದು ಅಂಥದೇ ಪಂಕ್ತಿಯಿಂದ. 1961ರಲ್ಲಿ ನ್ಯೂಯಾರ್ಕಿಗೆ ಬಂದವರೇ ಆಸ್ಪತ್ರೆಯಲ್ಲಿದ್ದ ಹಿರಿಯ ಜನಪದ ಗಾಯಕ ವುಡಿ ಗತ್ರಿಯನ್ನು ಹುಡುಕಿಕೊಂಡು ಹೋದರು, ಹಾಸಿಗೆಯ ಪಕ್ಕ ಕೂತು ಗತ್ರಿಯ ಹಾಡುಗಳನ್ನೇ ಅವರಿಗೆ ಹಾಡಿ ಕೇಳಿಸಿದರು. ಗತ್ರಿ ಕೂಡ ಹಳೆಯ ಧಾಟಿಗಳಿಗೆ ಹೊಸ ಮಾತು ಕಟ್ಟಿದವರೇ. 1962ರ ಕೊನೆಗೆ ಲಂಡನ್ನಿಗೆ ಹೋದಾಗ ಮಾರ್ಟಿನ್ ಕಾರ್ತಿ ಎಂಬ ಗಾಯಕರಿಂದ ‘ಸ್ಕಾರ್ಬರೋ ಫೇರ್’ ಕಲಿತರು. ಗುಲಾಮಗಿರಿಯ ಹಾಡಿನಿಂದ ತಮ್ಮ ಹಾಡು ಬಂತೆಂದು ಡಿಲನ್ ಅವರೇ ಒಪ್ಪಿಕೊಂಡಿದ್ದಾರೆ.

ಆದರೂ ನಿಮ್ಮ ಮಾತಿನಲ್ಲಿ ಒಂದು ತೂಕವಿದೆ, ಅದನ್ನು ಬಿಡಲಾರೆ. ‘ವಿತ್ ಗಾಡ್ ಆನ್ ಅವರ್ ಸೈಡ್’ ಹಾಡಿನ ಧಾಟಿ ಐರ್ಲೆಂಡಿನ ಡೊಮಿನಿಕ್ ಬೀಹನ್ ಅವರ ‘ದ ಪೇಟ್ರಿಯಟ್ ಗೇಮ್’ ಹಾಡಿನದು. ಬೀಹನ್ ಬದುಕಿದ್ದರು, ಸಿಟ್ಟಾದರು. ಅವರ ಧಾಟಿಗೂ ಹಳೆಯ ಜನಪದ ಮೂಲವಿತ್ತು ಎನ್ನುವುದು ನಿಜ. ಆದರೆ ನಮ್ಮ ಪುಸ್ತಕಗಳು ನೆತ್ತಿಯ ಮೇಲೆ ‘ಧಾಟಿ’ ಬರೆದು ಋಣ ತೋರಿಸುತ್ತವಲ್ಲ, ಆ ಒಂದು ಸಾಲು ಆ ಆಲ್ಬಮ್ಮಿನ ಮೇಲೆ ಇರಬೇಕಿತ್ತು. ಅಷ್ಟನ್ನು ನಾನು ಡಿಲನ್ ಪರವಾಗಿ ವಾದಿಸುವುದಿಲ್ಲ.


ಗಂಗಾವತಿ ಭತ್ತ | ರವಿವಾರ ಮಧ್ಯಾಹ್ನ 1.10

ಎಲ್ಲರೂ ಗಂಡಸರ ಹೆಸರೇ ಹೇಳ್ತಿದ್ದೀರಿ. ಜೋನ್ ಬಾಯೆಜ್ ಎಲ್ಲಿ?

1963ರಲ್ಲಿ ಹೆಸರು ಮಾಡಿದವರು ಬಾಯೆಜ್. ಡಿಲನ್ ಆಗಿನ್ನೂ ಹೊಸಬ. ತಮ್ಮ ಕಾರ್ಯಕ್ರಮದ ನಡುವೆ ಈ ಹುಡುಗನನ್ನು ವೇದಿಕೆಗೆ ಕರೆದು, ಇವನ ಪದ ಕೇಳಿ ಅಂತ ಸಾವಿರಾರು ಜನರ ಮುಂದೆ ನಿಲ್ಲಿಸಿದರು. ಆ ವರ್ಷ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಾತಾಡಿದ ಆ ದೊಡ್ಡ ಸಭೆಯಲ್ಲೂ ಇಬ್ಬರೂ ಹಾಡಿದರು.

ಸಂಡೂರಿನ ತಮ್ಮಾ, ನಿಮಗೆ ಹೇಳಬೇಕಾದ್ದು ಬೇರೆ ಇದೆ. ಬಾಯೆಜ್ 1968ರಲ್ಲಿ ಡಿಲನ್ ಹಾಡುಗಳನ್ನೇ ಹಾಡಿ ‘ಎನಿ ಡೇ ನೌ’ ಅಂತ ಎರಡು ತಟ್ಟೆಯ ಆಲ್ಬಮ್ ಮಾಡಿದರು. ಅದರಲ್ಲಿ ನಿಮ್ಮ ‘ನಾರ್ತ್ ಕಂಟ್ರಿ ಬ್ಲೂಸ್’ ಇದೆ. ಡಿಲನ್ ದನಿಯಲ್ಲಿ ಕೇಳುವಾಗ ಒಬ್ಬ ಗಂಡಸು ತನ್ನ ಊರಿನ ಹೆಂಗಸಿನ ಪರವಾಗಿ ಸಾಕ್ಷಿ ಹೇಳ್ತಿದ್ದಾನೆ ಅನಿಸ್ತದೆ. ಬಾಯೆಜ್ ದನಿಯಲ್ಲಿ ಆಕೆಯೇ ಬಾಗಿಲಿಗೆ ಬಂದು ನಿಲ್ತಾಳೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಮದುವೆ ಮಾತು ಬರೋ ನುಡಿಯಲ್ಲಿ ನಿಮಗೆ ಮೈ ಜುಮ್ಮಂದ ಕಡೆ ಬಾಯೆಜ್ ಏನೂ ಮಾಡದೆ ಸುಮ್ಮನೆ ದಾಟಿಹೋಗ್ತಾರೆ. ಹೆಂಗಸಿಗೆ ಅದು ಸುದ್ದಿ ಅಲ್ಲವಲ್ಲ.

ನೊಬೆಲ್ ವಿಷಯ ಬಂತು, ಅದೂ ಹೇಳಿಬಿಡ್ತೀನಿ. ಡಿಸೆಂಬರ್ 10ರ ಸಮಾರಂಭಕ್ಕೆ ಡಿಲನ್ ಹೋಗಲಿಲ್ಲ. ಅವರ ಬದಲು ಗಾಯಕಿ ಪ್ಯಾಟಿ ಸ್ಮಿತ್ ಹೋಗಿ ‘ಹಾರ್ಡ್ ರೇನ್’ ಹಾಡಿದರು. ರಾಜರ ಎದುರಿಗೆ, ನಡುವೆ ಸಾಲು ತಪ್ಪಿ ನಿಂತರು. ಕ್ಷಮಿಸಿ, ಗಾಬರಿಯಾಗಿದೆ ಅಂದರು, ಮತ್ತೆ ಎತ್ತಿಕೊಂಡರು. ಆ ವಿಡಿಯೋ ನೋಡುವಾಗ ನಾನು ಅತ್ತಿದ್ದೀನಿ. ಅಷ್ಟು ಉದ್ದದ ಸಾಲುಗಳ ಹಾಡನ್ನು ಇನ್ನೊಬ್ಬರು ಹೊತ್ತುಕೊಂಡು ಹೋಗಿ ನಿಂತದ್ದನ್ನು ನೋಡಿದ ಮೇಲೆ, ಅದು ಡಿಲನ್ ಒಬ್ಬರದೇ ಅಂತ ನನಗೆ ಅನಿಸೋದಿಲ್ಲ.


ಹಟ್ಟಿ ಎರಡನೇ ಪಾಳಿ | ರವಿವಾರ ರಾತ್ರಿ 11.40

ಪಾಳಿ ಮುಗಿಸಿ ಬಂದು ಎಲ್ಲಾ ಓದಿದೆ. ನಾ ಹಟ್ಟಿ ಚಿನ್ನದ ಗಣಿಯೊಳಗ ಕೆಲಸ ಮಾಡ್ತೀನಿ. ಬಂಗಾರ ಅಂದ್ರ ಹೊರಗಿನವರಿಗೆ ಹೊಳಪು ನೆನಪಾಗ್ತದ. ನಮಗ ನೆನಪಾಗೋದು ಬಿಸಿ ಗಾಳಿ, ನೀರು, ಕಲ್ಲಿನ ಪುಡಿ.

ಹಿಬ್ಬಿಂಗ್ ಇರೋದು ಮೆಸಾಬಿ ಅನ್ನೋ ಅದಿರಿನ ಪಟ್ಟಿಯೊಳಗ. ಅಲ್ಲಿನ ತೆರೆದ ಗಣಿ ಮೂರು ಮೈಲಿಗಿಂತ ಹೆಚ್ಚು ಉದ್ದ ಅದ. ಡಿಲನ್ ಸಣ್ಣವರಿದ್ದಾಗ ಅಲ್ಲಿಯ ಒಳ್ಳೆ ಹೆಮಟೈಟ್ ಅದಿರು ತೀರಿಕೊಂತ ಬಂದಿತ್ತು. ಎರಡನೇ ಮಹಾಯುದ್ಧಕ್ಕ ಉಕ್ಕು ಬೇಕಂತ ಬೇಕಾಬಿಟ್ಟಿ ಅಗದಿದ್ರು. ಉಳಿದದ್ದು ಟ್ಯಾಕೊನೈಟ್ ಅಂತ ಗಟ್ಟಿ ಕಲ್ಲು. ಅದರಾಗ ಕಬ್ಬಿಣ ಕಡಿಮಿ. ಪುಡಿ ಮಾಡಿ, ಅಯಸ್ಕಾಂತದಿಂದ ಕಬ್ಬಿಣದ ಪುಡಿ ಬ್ಯಾರೆ ಮಾಡಿ, ಉಂಡಿ ಕಟ್ಟಿ ಸುಡಬೇಕು. ಪೆಲೆಟ್ ಅಂತೀವಲ್ಲ, ಅದ. ಇಂಥಾ ಹೊತ್ತಿನಾಗ ಹೊರದೇಶದ ಅದಿರು ಅಗ್ಗಕ್ಕ ಬಂದ್ರ ಸಣ್ಣ ಗಣಿ ಉಳೀತದೇನು? ಹಾಡಿನಾಗ ಹೇಳಿದ್ದು ಕವಿಯ ಕಲ್ಪನಾ ಅಲ್ಲ, ಲೆಕ್ಕ ಅದ. ಅದಕ್ಕ ನನಗ ಆ ಹಾಡಿನ ಮ್ಯಾಲೆ ಗೌರವ.

ಸಂಡೂರು ಅಣ್ಣಾರ, ಒಂದು ಕೇಳಲೇನು? ನಿಮಗ ಅಷ್ಟು ನಿದ್ದಿ ಕೆಟ್ಟದ್ದು ಬರೀ ಅವರ ಊರಿನ ಕಥಿಗಲ್ಲ ಅನಿಸ್ತದ. 2011ರಾಗ ನಿಮ್ಮ ಮನ್ಯಾಗ ಏನಾತು?


ಸಂಡೂರು ಘಾಟಿ | ಸೋಮವಾರ ರಾತ್ರಿ 9.55

ಕೇಳಿದ್ದೀರಿ, ಹೇಳ್ತೀನಿ.

ಅಪ್ಪಂದು ಹತ್ತು ಗಾಲಿಯ ಒಂದೇ ಒಂದು ಟಿಪ್ಪರ್. ಕಂತಿನ ಮೇಲೆ ತಂದದ್ದು. ಚೀನಾಕ್ಕೆ ಅದಿರು ಹೋಗ್ತಿದ್ದ ಕಾಲ. ಹಗಲು ರಾತ್ರಿ ಅನ್ನದೆ ಗಾಡಿಗಳು ಸಾಲು ಹಚ್ಚಿ ನಿಂತಿರ್ತಿದ್ದವು. 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಆಗ ನಾನು ಒಂಬತ್ತನೇ ಕ್ಲಾಸು. ನಿಲ್ಲಿಸಿದ್ದು ಸರಿ ಅಂತ ಇವತ್ತಿಗೂ ಹೇಳ್ತೀನಿ. ಅಕ್ರಮವಾಗಿ ಅಗೆದು ಬೆಟ್ಟ ತಿಂದುಹಾಕಿದ್ದರು, ಹಳ್ಳದ ನೀರು ಕೆಂಪಗೆ ಹರೀತಿತ್ತು, ಹೊಲದಲ್ಲಿ ಮೆಕ್ಕೆಜೋಳದ ಗರಿ ಮೇಲೆ ಬೆರಳಿಂದ ಹೆಸರು ಬರೀಬಹುದಿತ್ತು. ಆದರೆ ದುಡ್ಡು ಮಾಡಿದವರು ಬೇರೆ, ಗಾಡಿ ಓಡಿಸಿದವರು ಬೇರೆ.

ನಮ್ಮವ್ವ ದಿನಾ ಬೆಳಗ್ಗೆ ಬಟ್ಟೆ ಒಗೆದು ಅಂಗಳದ ತಂತಿಗೆ ಹಾಕೋಳು. ಒಣಗೋದರೊಳಗೆ ಕೆಂಪು ಕೂತಿರ್ತಿತ್ತು. ತೆಗೆಯುವಾಗ ಎರಡು ಕೈಯಲ್ಲಿ ಹಿಡಿದು ಫಟ್ ಅಂತ ಝಾಡಿಸಿದರೆ, ಕುಂಕುಮದ ಬಟ್ಟಲು ಮಗುಚಿದ ಹಾಗೆ ಗಾಳಿಯಲ್ಲಿ ತೇಲೋದು. ಬೈತಾ ಬೈತಾನೇ ಝಾಡಿಸೋಳು. ಆಗಸ್ಟಿನಲ್ಲಿ ಮಳೆ ಬಿಟ್ಟು ಬಿಸಿಲು ಬಿದ್ದ ಒಂದು ದಿನ ನಾನು ಸಾಲಿಯಿಂದ ಬಂದಾಗ ಅವ್ವ ತಂತಿ ಮುಂದೆ ನಿಂತಿದ್ದಳು. ಕೈಯಲ್ಲಿ ಬಟ್ಟೆ ಹಿಡಿದಿದ್ದಾಳೆ, ಝಾಡಿಸ್ತಿಲ್ಲ. ಬಟ್ಟೆ ಬೆಳ್ಳಗೆ ಒಣಗಿತ್ತು. ನಾನು ‘ಅವ್ವಾ, ಧೂಳು ಇಲ್ಲ ನೋಡು’ ಅಂತ ಖುಷಿಯಿಂದ ಅಂದೆ. ಅವಳು ಅಳ್ತಿದ್ದಳು.

ಮೂರು ಕಂತು ತಪ್ಪಿದವು. ಸಾಲ ಕೊಟ್ಟವರ ಕಡೆಯ ಹುಡುಗರು ಬಂದು ಗಾಡಿ ಒಯ್ದರು. ಅಪ್ಪ ಎರಡು ವರ್ಷ ಕೃಷ್ಣಪಟ್ಣಂ ಬಂದರಿನ ಕಡೆ ಬೇರೆಯವರ ಗಾಡಿ ಓಡಿಸಿದರು. ಹಾಡಿನಲ್ಲಿ ಹೋದ ಗಂಡ ಬರೋದಿಲ್ಲ. ನಮ್ಮಪ್ಪ ಬಂದರು.

ಗಂಗಾವತಿ ಅಕ್ಕಾ, ಬಾಯೆಜ್ ಹಾಡಿದ್ದು ಕೇಳಿದೆ. ಅವ್ವನಿಗೂ ಕೇಳಿಸಿದೆ. ಒಂದು ಪದವೂ ತಿಳೀಲಿಲ್ಲ ಅವಳಿಗೆ. ‘ಯಾರೋ ಮನಿ ಕಾಯಕೊಂತ ಕುಂತಾರ’ ಅಂದಳು.


ಕೊಪ್ಪಳ ಕೀಬೋರ್ಡ್ | ಸೋಮವಾರ ರಾತ್ರಿ 11.05

ಅಣ್ಣಾ, ಏನ್ ಬರೀಬೇಕು ತಿಳೀವಲ್ದು. ಅವ್ವಾರಿಗೆ ನನ್ನ ನಮಸ್ಕಾರ ಹೇಳ್ರಿ.


ಸಿರುಗುಪ್ಪ ರೈತ | ಮಂಗಳವಾರ ಬೆಳಗ್ಗೆ 5.50

ನಾನು ಹಾಡಿನ ಪಂಡಿತ ಅಲ್ಲ. ಒಂದೇ ಸಂಗತಿ ಹೇಳ್ತೀನಿ. 1985ರ ಜುಲೈ 13ರಂದು ಆಫ್ರಿಕಾದ ಬರಗಾಲಕ್ಕೆ ದುಡ್ಡು ಕೂಡಿಸಲು ‘ಲೈವ್ ಏಡ್’ ಕಾರ್ಯಕ್ರಮ ನಡೀತು. ಡಿಲನ್ ವೇದಿಕೆ ಮೇಲೆ ನಿಂತು, ಇದರಲ್ಲಿ ಸ್ವಲ್ಪ ದುಡ್ಡು ನಮ್ಮ ರೈತರ ಬ್ಯಾಂಕ್ ಸಾಲ ತೀರಿಸಲು ಹೋಗಲಿ ಅಂದುಬಿಟ್ಟರು. ಹಸಿದವರ ಹೆಸರಲ್ಲಿ ಕೂಡಿದ ಸಭೆಯಲ್ಲಿ ಇದ್ಯಾವ ಮಾತು ಅಂತ ಬೈಸಿಕೊಂಡರು. ಆದರೆ ಆ ಮಾತು ಹಿಡಿದುಕೊಂಡು ವಿಲ್ಲಿ ನೆಲ್ಸನ್, ನೀಲ್ ಯಂಗ್, ಜಾನ್ ಮೆಲೆನ್‌ಕ್ಯಾಂಪ್ ಮೂವರು ಹಾಡುಗಾರರೂ ಸೇರಿ ಅದೇ ಸೆಪ್ಟೆಂಬರ್ 22ಕ್ಕೆ ರೈತರಿಗಾಗಿ ‘ಫಾರ್ಮ್ ಏಡ್’ ಕಾರ್ಯಕ್ರಮ ಮಾಡಿದರು. ಡಿಲನ್ ಅಲ್ಲಿ ಟಾಮ್ ಪೆಟ್ಟಿ ಮೇಳದ ಜೊತೆ ಹಾಡಿದರು. ಅದು ಇನ್ನೂ ನಿಂತಿಲ್ಲ.

ತುಂಗಭದ್ರಾ ಕಾಲುವೆಯ ಕೊನೆಗಿರೋ ಹೊಲ ನಮ್ಮದು. ನೀರು ಬರೋ ಮುಂಚೆ ಸಾಲದ ನೋಟಿಸು ಬರ್ತದೆ. ಹಾಡುವವರು ವೇದಿಕೆ ಮೇಲೆ ಸಾಲದ ಮಾತು ಎತ್ತಿದ್ದು ನನಗೆ ಹಾಡಿಗಿಂತ ದೊಡ್ಡದು.


ಮಾನ್ವಿ ಮಾಸ್ತರ | ಮಂಗಳವಾರ ಸಂಜೆ 7.20

ಸಂಡೂರಿನ ತಮ್ಮ ಬರೆದದ್ದನ್ನು ನಿನ್ನೆ ರಾತ್ರಿ ಎರಡು ಸಲ ಓದಿದೆ. ನಮ್ಮ ಬೀಸುವ ಪದಗಳು ಹುಟ್ಟುವುದು ಇಂಥ ಗಳಿಗೆಯಲ್ಲೇ. ಹಡೆದವ್ವನನ್ನು ನೆನೆದು ಬೀಸುತ್ತಿದ್ದವರು ಯಾವ ಸ್ಟುಡಿಯೋ ಕಂಡಿದ್ದರು?

ಜೊತೆಗಾರರ ಮಾತು ಬಂದದ್ದರಿಂದ ಒಂದು ಚಿತ್ರ ನೆನಪಿಸುತ್ತೇನೆ. 1967ರ ಡಿಸೆಂಬರಿನಲ್ಲಿ ಬಂದ ‘ಜಾನ್ ವೆಸ್ಲಿ ಹಾರ್ಡಿಂಗ್’ ಆಲ್ಬಮ್ಮಿನ ರಕ್ಷಾಪುಟ ನೋಡಿ. ಡಿಲನ್ ಪಕ್ಕದಲ್ಲಿ ನಿಂತಿರುವ ಇಬ್ಬರು ಬಂಗಾಳದ ಬಾವುಲ್ ಹಾಡುಗಾರರು, ಲಕ್ಷ್ಮಣ ದಾಸ್ ಮತ್ತು ಪೂರ್ಣ ದಾಸ್. ಏಕತಾರಿ ಹಿಡಿದು ಊರೂರು ಅಲೆಯುವ ಪಂಥದವರು, ನಮ್ಮ ತತ್ವಪದದವರ ದಾಯಾದಿಗಳೇ ಸರಿ. ಆ ವರ್ಷ ವುಡ್‌ಸ್ಟಾಕ್ ಹತ್ತಿರದ ‘ಬಿಗ್ ಪಿಂಕ್’ ಎಂಬ ಗುಲಾಬಿ ಬಣ್ಣದ ಮನೆಯ ನೆಲಮಾಳಿಗೆಯಲ್ಲಿ ಡಿಲನ್ ತಮ್ಮ ಹಿಮ್ಮೇಳದ ಗೆಳೆಯರ ಜೊತೆ ನೂರಕ್ಕೂ ಹೆಚ್ಚು ಹಾಡು ಹಾಡಿ ಟೇಪು ಮಾಡಿದ್ದರು. ಮಾರಾಟಕ್ಕಲ್ಲ. ಹಳೆಯ ಜನಪದ, ಹೊಸ ಪದ, ಅರ್ಧಕ್ಕೆ ನಿಂತದ್ದು, ಎಲ್ಲವೂ. ಆ ಗೆಳೆಯರೇ ಆಮೇಲೆ ‘ದ ಬ್ಯಾಂಡ್’ ಎಂದು ಹೆಸರಾದರು. ‘ಟಿಯರ್ಸ್ ಆಫ್ ರೇಜ್’ ಹಾಡಿಗೆ ಮಟ್ಟು ಹಾಕಿದವರು ಅವರಲ್ಲೊಬ್ಬರಾದ ರಿಚರ್ಡ್ ಮ್ಯಾನುಯೆಲ್. ಅದೇ ನೆಲಮಾಳಿಗೆಯಲ್ಲಿ ಬಾವುಲರ ಹಾಡನ್ನೂ ಅವರಲ್ಲಿ ಇನ್ನೊಬ್ಬರಾದ ಗಾರ್ತ್ ಹಡ್ಸನ್ ಟೇಪು ಮಾಡಿಕೊಂಡರು.

ಆ ನೆಲಮಾಳಿಗೆ ನನಗೆ ಅಮಾವಾಸ್ಯೆಯ ರಾತ್ರಿಯ ನಮ್ಮ ಮಠದ ಪಡಸಾಲೆಯಂತೆ ಕಾಣುತ್ತದೆ. ಅಲ್ಲಿ ಎಲ್ಲರಿಗೂ ಎಲ್ಲರ ಮಾತು ಕೇಳಿಸುತ್ತದೆ. ಕೊಪ್ಪಳದ ಹುಡುಗರು ಬೇಸರ ಮಾಡಿಕೊಳ್ಳಬೇಡಿ, ಈಚೆಗೆ ನಮ್ಮ ಜಾತ್ರೆಗಳಲ್ಲಿ ರಿದಮ್ ಪ್ಯಾಡು, ಕೀಬೋರ್ಡು ಬಂದು ಏಕತಾರಿ ಮುಳುಗಿಹೋಗಿದೆ. ತಾಳ ಕೇಳುತ್ತದೆ, ತತ್ವ ಕೇಳುವುದಿಲ್ಲ.


ಕೊಪ್ಪಳ ಕೀಬೋರ್ಡ್ | ಮಂಗಳವಾರ ರಾತ್ರಿ 10.30

ಗುರುಗಳ, ಬ್ಯಾಸರ ಇಲ್ರಿ. ಆದ್ರ ಉತ್ತರಾ ಕೊಡಬೇಕು ನಾ.

1965ರ ಜುಲೈ 25, ನ್ಯೂಪೋರ್ಟ್ ಜನಪದ ಸಂಗೀತ ಉತ್ಸವ. ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಕೊಂಡು ಮೇಳ ಕಟ್ಕೊಂಡು ಏರಿದ್ರು. ಮೂರು ಹಾಡು ಅಷ್ಟ. ಮಂದಿ ಕೂಗಾಡಿದ್ರು. ಆಮ್ಯಾಲೆ ಒಬ್ಬರ ಬಂದು ಬರೀ ಗಿಟಾರ್ ಮ್ಯಾಲೆ ಎರಡು ಹಾಡಿ ಇಳದ್ರು. ಮುಂದಿನ ವರ್ಷ ಮೇ 17ಕ್ಕ ಮ್ಯಾಂಚೆಸ್ಟರಿನಾಗ ಒಬ್ಬಾಂವ ‘ಜೂದಾಸ್’ ಅಂತ ಒದರಿದ, ಅಂದ್ರ ಏಸುವಿಗೆ ದ್ರೋಹ ಮಾಡಿದವನ ಹೆಸರು. ಊರೂರಿಗೆ ಬೈಗಳಾ ತಿಂದು ಡ್ರಮ್ಸ್ ಬಾರಸೋ ಲೆವಾನ್ ಹೆಲ್ಮ್ ನಡುವ ಮೇಳಾ ಬಿಟ್ಟು ಹೋಗಿಬಿಟ್ಟಿದ್ದ. ಇಷ್ಟೆಲ್ಲಾ ಆಗಿದ್ದು ಕರೆಂಟಿನ ವಾದ್ಯ ಹಿಡದ್ರು ಅಂತ. ಅವತ್ತು ಡಿಲನ್ ಅಂಜಿದ್ರ ಇವತ್ತು ಫೋಕ್ ರಾಕ್ ಅಂತ ನಾವ್ಯಾರೂ ಬಾರಸ್ತಿದ್ದಿಲ್ರಿ. ನಾನೂ ಗವಿಮಠದ ಜಾತ್ರಿಯೊಳಗ ತತ್ವಪದಕ್ಕ ಕೀಬೋರ್ಡ್ ಬಾರಸೀನಿ. ಹದಿನೆಂಟು ವರ್ಷದ ಹುಡುಗ್ರು ಕುಂತು ಕೇಳ್ಯಾರ.


ಮಾನ್ವಿ ಮಾಸ್ತರ | ಬುಧವಾರ ಬೆಳಗ್ಗೆ 6.05

ನ್ಯೂಪೋರ್ಟಿನ ವಿಷಯ ನೀವೇ ತೆಗೆದದ್ದು ಒಳ್ಳೆಯದಾಯಿತು. ಆ ದಿನ ಹಿರಿಯ ಗಾಯಕ ಪೀಟ್ ಸೀಗರ್ ಕೆರಳಿದ್ದರು. ಆಮೇಲೆ ಅವರು ಹೇಳಿದ್ದು ಏನೆಂದರೆ, ತಮಗೆ ವಿದ್ಯುತ್ ವಾದ್ಯದ ಮೇಲೆ ಸಿಟ್ಟಿರಲಿಲ್ಲ, ಸೌಂಡು ಒಡೆದು ಪದಗಳೇ ಕೇಳಿಸುತ್ತಿರಲಿಲ್ಲ. ನನ್ನ ಅಳಲೂ ಅದೇ. ಹದಿನೆಂಟರ ಹುಡುಗರು ಕೂತು ಕೇಳಿದ್ದು ಸಂತೋಷ. ಹಾಡಿದ ಪದದ ಎರಡನೇ ನುಡಿ ಅವರಿಗೆ ನೆನಪಿದೆಯೇ ಅಂತ ಕೇಳಿ ನೋಡಿ. ನೆನಪಿದ್ದರೆ ನಾನು ಸೋತೆ.


ಕೊಪ್ಪಳ ಕೀಬೋರ್ಡ್ | ಬುಧವಾರ ಬೆಳಗ್ಗೆ 9.15

ಕೇಳ್ತೀನ್ರಿ. ಮತ್ತ ಮುಂದಿನ ಸಲ ಹಾಡೋರ ಮೈಕು ಮೊದಲು ಏರಸಾಕ ಸೌಂಡಿನವರಿಗೆ ನಾನ ಹೇಳ್ತೀನಿ. ನಮ್ಮದು ಆಮ್ಯಾಲೆ.


ಹಟ್ಟಿ ಎರಡನೇ ಪಾಳಿ | ಬುಧವಾರ ಮಧ್ಯಾಹ್ನ 12.30

ನಮ್ಮ ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಮೊಹರಂ ನೋಡೀರೇನು? ಅಲಾಯಿ ದೇವರ ಮುಂದ ರಿವಾಯತ್ ಪದ ಹಾಡ್ತಾರ. ಕರ್ಬಲಾದ ಕಥಿ, ಧಾಟಿ ನಮ್ಮದು, ಭಾಷಾ ಕನ್ನಡ. ಹಾಡೋರೊಳಗ ಹಿಂದೂಗಳೂ ಇರ್ತಾರ, ಮುಸಲ್ಮಾನರೂ ಇರ್ತಾರ. ನಮ್ಮ ಮಾವ ವರ್ಷಾ ಹಾಡ್ತಾರ. ಹುಸೇನರ ತಾಯಿ ಅಳೋ ನುಡಿ ಬಂದಾಗ ಅವರ ದನಿ ಸಣ್ಣ ಆಗ್ತದ, ಹಿಂದಿನವರು ಗೊತ್ತಾಗಿ ಹಲಗಿ ತಡೀತಾರ. ಮೈಕು ಏರಿಸೋ ಇಳಿಸೋ ಮಾತು ಅಲ್ಲಿ ಬರಂಗಿಲ್ಲ. ಕೂಡಿ ಹಾಡೋದು ಅಂದ್ರ ನನಗ ಅದು.


ರಾಯಚೂರು ಪ್ಯಾಸೆಂಜರ್ | ಬುಧವಾರ ರಾತ್ರಿ 8.40

ಮಾಸ್ತರ ಹೇಳಿದ ಧಾಟಿ ಮಾತು ಮನಸ್ಸಲ್ಲಿ ಕೂತಿತು. ನಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಪುಸ್ತಕ ತೆಗೆದೆ. ರಟ್ಟು ಇಲ್ಲ, ಮೊದಲ ಪುಟಗಳಿಲ್ಲ. ಆದರೆ ಪ್ರತಿ ಪದದ ಮೇಲೂ ‘ಧಾಟಿ’ ಇದೆ. ಮೂರು ಕಡೆ ಅಜ್ಜಿ ಅದನ್ನು ಪೆನ್ಸಿಲಿನಲ್ಲಿ ಹೊಡೆದು ಬೇರೆ ಧಾಟಿ ಬರೆದಿಟ್ಟಿದ್ದಾರೆ.


ಗಂಗಾವತಿ ಭತ್ತ | ಬುಧವಾರ ರಾತ್ರಿ 10.10

ಸಂಡೂರಿನ ತಮ್ಮಾ, ನಿಮ್ಮ ಅವ್ವ ತಂತಿ ಮುಂದೆ ನಿಂತದ್ದು ಎರಡು ದಿನದಿಂದ ಕಣ್ಣ ಮುಂದೆಯೇ ಇದೆ. ಸಸಿ ಮಡಿಯಲ್ಲಿ ಹೆಂಗಸರ ಜೊತೆ ನಿಂತಾಗ ಒಂದು ತ್ರಿಪದಿ ತಾನಾಗಿ ಬಂತು. ಡಿಲನ್ 1975ರಲ್ಲಿ ‘ಡಿಸೈರ್’ ಆಲ್ಬಮ್ಮಿನ ಒಂಬತ್ತರಲ್ಲಿ ಏಳು ಹಾಡುಗಳನ್ನು ಜಾಕ್ ಲೆವಿ ಎಂಬ ನಾಟಕದವರ ಜೊತೆ ಕೂತು ಬರೆದರು. ಪಿಟೀಲಿಗೆ ಸ್ಕಾರ್ಲೆಟ್ ರಿವೇರಾ ಸಿಕ್ಕದ್ದು ನ್ಯೂಯಾರ್ಕಿನ ಬೀದಿಯಲ್ಲಿ, ಪಿಟೀಲಿನ ಪೆಟ್ಟಿಗೆ ಹಿಡಿದು ನಡೆದು ಹೋಗ್ತಿದ್ದರಂತೆ, ಕರೆದರು, ಬಂದರು. ಹಾಗೆ ನಾನೂ ಕರೆಯದೆ ನಿಮ್ಮ ಅಂಗಳಕ್ಕೆ ಬಂದಿದ್ದೀನಿ ಅಂತ ತಿಳೀರಿ. ಅವ್ವನವರಿಗೆ ಓದಿ ಹೇಳಿ. ಬೇಡ ಅಂದರೆ ಅಳಿಸ್ತೀನಿ.

ಗಣಿಯ ಕೆಂಪಿನ ಧೂಳಿ ತೊಳೆದರೂ ಹೋಗದು
ತಂತಿ ಮ್ಯಾಲಿನ ಬಿಳಿ ಸೀರಿ | ಆ ವರುಷ
ಬೆಳ್ಳಗ ಒಣಗಿ ಅಳಿಸೀತು


ಸಂಡೂರು ಘಾಟಿ | ಗುರುವಾರ ರಾತ್ರಿ 9.30

ಅಕ್ಕಾ, ಓದಿ ಹೇಳಿದೆ. ರೊಟ್ಟಿ ಬಡೀತಿದ್ದಳು. ಕೈ ನಿಲ್ಲಿಸಿ, ಇನ್ನೊಂದು ಸಲ ಓದು ಅಂದಳು. ಓದಿದೆ. ಮೊದಲನೇ ಸಾಲು ತನ್ನಷ್ಟಕ್ಕೆ ತಾನೇ ರಾಗ ಮಾಡಿ ಅಂದುಕೊಂಡಳು, ಅವಳ ತವರಿನ ಕಡೆ ಬೀಸುವಾಗ ಹಾಡೋ ಧಾಟಿ ಅಂತೆ. ಎರಡನೇ ಸಾಲಿಗೆ ತಡೆದಳು.

‘ನಿಮ್ಮಪ್ಪ ಕಲ್ಲಿನಂಗ ಇರೋವಾಗ ನಾ ಯಾಕ ಬಿಳಿ ಸೀರಿ ಉಡಲಿ? ಅವತ್ತು ತಂತಿ ಮ್ಯಾಲೆ ಇದ್ದದ್ದು ನಿನ್ನ ಸಾಲಿ ಅಂಗಿ. ಅದನ್ನ ಹಿಡಕೊಂಡು ನಿಂತಿದ್ದೆ. ಈ ಅಂಗಿ ಹಾಕ್ಕೊಂಡು ಇಂವ ಮುಂದಿನ ವರ್ಷ ಸಾಲಿಗೆ ಹೋಗ್ತಾನೋ ಇಲ್ಲೋ ಅಂತ.’

ಇಷ್ಟು ವರ್ಷ ಅದು ಯಾರ ಬಟ್ಟೆ ಅಂತ ನಾನು ಕೇಳಿರಲಿಲ್ಲ. ಮೂರನೇ ಸಾಲು ಹಾಗೇ ಇರಲಿ ಅಂದಳು. ರಾತ್ರಿ ಪಾತ್ರೆ ತೊಳೆಯುವಾಗ ಮತ್ತೆ ಹಾಡ್ತಿದ್ದಳು, ಫೋನಿನಲ್ಲಿ ಹಿಡಿದುಕೊಂಡಿದ್ದೀನಿ. ಕೊಪ್ಪಳದ ತಮ್ಮನಿಗೆ ಕಳಿಸ್ತೀನಿ, ಅವಳ ದನಿ ಹಿಂದೆ ಅರ್ಧ ಹೆಜ್ಜೆ ತಡೆದು ಪೇಟಿ ಹಿಡೀರಿ. ಮಾಸ್ತರ, ನೀವು ಹೇಳಿದ ಹಾಗೆ ನೆತ್ತಿ ಮೇಲೆ ಬರೆದಿದ್ದೀನಿ.

ಧಾಟಿ: ಬೀಸೋ ಕಲ್ಲಿನ ಪದ

ಗಣಿಯ ಕೆಂಪಿನ ಧೂಳಿ ತೊಳೆದರೂ ಹೋಗದು
ತಂತಿ ಮ್ಯಾಲಿನ ಬಿಳಿ ಅಂಗಿ | ಆ ವರುಷ
ಬೆಳ್ಳಗ ಒಣಗಿ ಅಳಿಸೀತು